ದೇಹ ಕೊಟ್ಟಷ್ಟರಲ್ಲೇ ಸಿನಿಮಾ: ಡೆರೆಕ್ ಜಾರ್ಮನ್ ಅವರಿಂದ ಕಲಿತ ಪಾಠಗಳು

ಬ್ರಿಟನ್ನಿನ ಪ್ರಯೋಗಶೀಲ ನಿರ್ದೇಶಕ ಡೆರೆಕ್ ಜಾರ್ಮನ್ ಅವರಿಗೆ ಎಚ್‌ಐವಿ ಸೋಂಕು ತಗುಲಿದೆ ಎಂದು ಖಚಿತವಾದದ್ದು 1986ರ ಡಿಸೆಂಬರ್ 22ರಂದು. ಆಗ ಅವರಿಗೆ 44 ವರ್ಷ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಅವರು ತೀರಿಕೊಂಡದ್ದು 1994ರ ಫೆಬ್ರವರಿ 19ರಂದು, 52ನೇ ವಯಸ್ಸಿನಲ್ಲಿ. ನಡುವಿನ ಏಳು ವರ್ಷಗಳಲ್ಲಿ ‘ದಿ ಲಾಸ್ಟ್ ಆಫ್ ಇಂಗ್ಲೆಂಡ್’, ‘ವಾರ್ ರಿಕ್ವಿಯಂ’, ‘ದಿ ಗಾರ್ಡನ್’, ‘ಎಡ್ವರ್ಡ್ ದಿ ಸೆಕೆಂಡ್’, ‘ವಿಟ್ಗೆನ್‌ಸ್ಟೈನ್’, ‘ಬ್ಲೂ’ ಎಂಬ ಆರು ಪೂರ್ಣಪ್ರಮಾಣದ ಚಿತ್ರಗಳು ಅವರಿಂದ ಬಂದವು. ಪುಸ್ತಕಗಳು, ವರ್ಣಚಿತ್ರಗಳು, ಕಲ್ಲುಹರಳಿನ ಕಡಲತೀರದಲ್ಲಿ ಬೆಳೆಸಿದ ತೋಟ, ಇವು ಬೇರೆ.

ನಾನು ಸಾಕ್ಷ್ಯಚಿತ್ರಗಳ ಸಂಕಲನ ಮಾಡುತ್ತಾ, ಬಿಡುವಾದಾಗ ನನ್ನದೇ ಕಿರುಚಿತ್ರಗಳನ್ನು ಮಾಡಿಕೊಂಡು ಬಂದವನು. ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಶುರುವಾದ ಮೇಲೆ ಜಾರ್ಮನ್ ಅವರ ಚಿತ್ರಗಳನ್ನೂ ದಿನಚರಿಗಳನ್ನೂ ಮತ್ತೆ ಹಿಡಿದೆ. ಇಂಥ ಕಲಾವಿದರ ಬಗ್ಗೆ ಬರೆಯುವಾಗ ಛಲ, ಧೈರ್ಯ, ಇಚ್ಛಾಶಕ್ತಿ ಎಂಬ ಮಾತುಗಳು ಬಂದೇ ಬರುತ್ತವೆ. ಅವು ನಿಜವೇ. ಆದರೆ ಧೈರ್ಯವನ್ನು ಇನ್ನೊಬ್ಬರಿಂದ ಎರವಲು ತರಲಾಗುವುದಿಲ್ಲ, ಕೆಲಸದ ಕ್ರಮವನ್ನು ತರಬಹುದು. ನನ್ನ ಕೈಯನ್ನು ನಿಲ್ಲದಂತೆ ನೋಡಿಕೊಂಡದ್ದು ಆ ಕ್ರಮ. ಕಾಯಿಲೆಯವರಿಗೂ ಅವರ ಜೊತೆ ಕೆಲಸ ಮಾಡುವವರಿಗೂ ಉಪಯೋಗವಾದೀತೆಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಶಕ್ತಿಗೆ ತಕ್ಕ ರೂಪ ಹುಡುಕಿ, ವಿಚಾರವನ್ನು ಕುಗ್ಗಿಸಬೇಡಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಜಾರ್ಮನ್ ಹಾಸಿಗೆಯ ಅಳತೆಯನ್ನು ಒಪ್ಪಿಕೊಂಡರು, ಆಸೆಯನ್ನು ಬಿಟ್ಟುಕೊಡಲಿಲ್ಲ.

‘ಬ್ಲೂ’ ತಯಾರಾಗುವ ಹೊತ್ತಿಗೆ ಅವರ ಕಣ್ಣು ಹೋಗುತ್ತಿತ್ತು. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಸಿದವರಲ್ಲಿ ಸೈಟೊಮೆಗಲೊ ಎಂಬ ವೈರಸ್ ರೆಟಿನಾಕ್ಕೆ ಹರಡಿ ದೃಷ್ಟಿಯನ್ನು ನಾಶ ಮಾಡಬಲ್ಲದು. ಫ್ರೆಂಚ್ ಕಲಾವಿದ ಈವ್ ಕ್ಲೈನ್ ತಮ್ಮದಾಗಿ ಮಾಡಿಕೊಂಡಿದ್ದ ಗಾಢ ನೀಲಿಯ ಮೇಲೆ ಒಂದು ಚಿತ್ರ ಮಾಡಬೇಕೆಂಬ ಯೋಚನೆ ಜಾರ್ಮನ್ ಅವರಿಗೆ ಬಹಳ ಹಿಂದೆಯೇ ಬಂದಿತ್ತು. ಕಣ್ಣು ಮಸುಕಾದಾಗ ಆ ಹಳೆಯ ಯೋಚನೆಯೇ ಕೈಹಿಡಿಯಿತು. 79 ನಿಮಿಷ ಪರದೆಯ ಮೇಲೆ ಒಂದೇ ನೀಲಿ. ನಟರು ಕಾಣುವುದಿಲ್ಲ, ದೃಶ್ಯ ಬದಲಾಗುವುದಿಲ್ಲ. ಅದರ ಮೇಲೆ ಜಾರ್ಮನ್ ಮತ್ತು ನಟರಾದ ಟಿಲ್ಡಾ ಸ್ವಿಂಟನ್, ನೈಜೆಲ್ ಟೆರಿ, ಜಾನ್ ಕ್ವೆಂಟಿನ್ ಅವರ ದನಿಗಳು, ಸೈಮನ್ ಫಿಶರ್ ಟರ್ನರ್ ಅವರ ಸಂಗೀತ, ಆಸ್ಪತ್ರೆಯ, ಬೀದಿಯ, ಕಡಲಿನ ಸದ್ದುಗಳು. 1993ರ ಸೆಪ್ಟೆಂಬರ್ 19ರಂದು ಚಾನೆಲ್ 4 ಮತ್ತು ಬಿಬಿಸಿ ರೇಡಿಯೋ 3 ಇದನ್ನು ಒಟ್ಟಿಗೆ ಪ್ರಸಾರ ಮಾಡಿದವು. ಸಿನಿಮಾವನ್ನು ರೇಡಿಯೋದಲ್ಲಿ ಕೇಳುವುದು ನಮಗೆ ಹೊಸದಲ್ಲ. ಆಕಾಶವಾಣಿಯಲ್ಲಿ ಕನ್ನಡ ಚಿತ್ರಗಳ ಧ್ವನಿಯನ್ನಷ್ಟೇ ಕೇಳಿ ಇಡೀ ಕಥೆಯನ್ನು ಕಣ್ಣ ಮುಂದೆ ತಂದುಕೊಂಡ ತಲೆಮಾರು ಇಲ್ಲಿದೆ. ಕಿವಿಗೆ ಅಷ್ಟು ಶಕ್ತಿಯಿದೆ ಎಂಬುದನ್ನು ಜಾರ್ಮನ್ ಪೂರಾ ನಂಬಿದರು.

ಈಗ ಹೊಸ ಚಿತ್ರಕ್ಕೆ ಕೂರುವಾಗ ಮೊದಲು ಎರಡು ಪಟ್ಟಿ ಬರೆಯುತ್ತೇನೆ: ಇವತ್ತಿನ ದೇಹದಿಂದ ಏನೇನು ಆಗುತ್ತದೆ, ಏನೇನು ಆಗುವುದಿಲ್ಲ. ನಿಂತು ಕೆಲಸ ಮಾಡುವುದು ಆಗುವುದಿಲ್ಲ, ಕೂತು ಕೇಳುವುದು ಆಗುತ್ತದೆ. ದೂರದ ಊರಿಗೆ ಹೋಗಲಾಗದು, ನಮ್ಮ ಬೀದಿಯ ಕೊನೆಯವರೆಗೆ ಹೋಗಬಹುದು. ಚಿತ್ರದ ರೂಪ ಮೊದಲ ಪಟ್ಟಿಯಿಂದಲೇ ಹುಟ್ಟಬೇಕು. ಎರಡನೆಯ ಪಟ್ಟಿಯಲ್ಲಿರುವುದನ್ನು ಹೇಗಾದರೂ ಮಾಡಿಯೇ ತೀರುತ್ತೇನೆಂದು ಹೊರಟ ಚಿತ್ರಗಳು ಅರ್ಧಕ್ಕೆ ನಿಲ್ಲುವುದನ್ನು ಸಂಕಲನದ ಮೇಜಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

2. ಚಿಕ್ಕ ಉಪಕರಣದ ಅಭ್ಯಾಸ ಆರೋಗ್ಯವಿದ್ದಾಗಲೇ ಆಗಿರಲಿ

ಜಾರ್ಮನ್ 1970ರ ದಶಕದ ಆರಂಭದಿಂದಲೇ ಸೂಪರ್ 8 ಕ್ಯಾಮೆರಾ ಹಿಡಿದಿದ್ದರು. ಮನೆಮಂದಿ ಹುಟ್ಟುಹಬ್ಬ, ಪ್ರವಾಸಗಳನ್ನು ಚಿತ್ರಿಸಿಕೊಳ್ಳುತ್ತಿದ್ದ ಕ್ಯಾಮೆರಾ ಅದು. ಒಂದು ಕಾರ್ಟ್ರಿಜ್‌ನಲ್ಲಿ 50 ಅಡಿ ಫಿಲ್ಮ್, ಅಂದರೆ 3,600 ಫ್ರೇಮ್. ಸೆಕೆಂಡಿಗೆ 18 ಫ್ರೇಮ್‌ನಂತೆ ಓಡಿಸಿದರೆ 3 ನಿಮಿಷ 20 ಸೆಕೆಂಡಿನಲ್ಲಿ ಮುಗಿಯುತ್ತದೆ. ಅದನ್ನೇ ಸೆಕೆಂಡಿಗೆ 6 ಫ್ರೇಮ್‌ನಂತೆ ಓಡಿಸಿದರೆ 10 ನಿಮಿಷ ಬರುತ್ತದೆ. ಜಾರ್ಮನ್ ನಿಧಾನ ವೇಗದಲ್ಲಿ ಚಿತ್ರೀಕರಿಸಿ, ನಿಧಾನ ವೇಗದಲ್ಲೇ ಪ್ರದರ್ಶಿಸಿ, ಅದನ್ನು ವಿಡಿಯೋಗೂ ಅಲ್ಲಿಂದ 35 ಎಂಎಂಗೂ ಏರಿಸುತ್ತಿದ್ದರು. ಫಿಲ್ಮಿನ ಖರ್ಚು ಉಳಿಯುತ್ತಿತ್ತು. ಜೊತೆಗೆ ಆಕೃತಿಗಳು ಕನಸಿನಲ್ಲಿ ನಡೆದಾಡುವಂಥ ಒಂದು ಚಲನೆ ದಕ್ಕುತ್ತಿತ್ತು. 1985ರ ‘ದಿ ಏಂಜೆಲಿಕ್ ಕಾನ್ವರ್ಸೇಷನ್’ ನೋಡಿದವರಿಗೆ ಈ ಚಲನೆ ಗೊತ್ತು. ಮಿತವ್ಯಯದ ಉಪಾಯವೇ ಅವರ ಶೈಲಿಯಾಯಿತು.

ಇನ್ನೊಂದು ಕಡೆ, ದೊಡ್ಡ ಯೂನಿಟ್ಟಿನ ‘ಕಾರವಾಜಿಯೋ’ ಚಿತ್ರಕ್ಕೆ ಹಣ ಹೊಂದಿಸಲು ಅವರಿಗೆ ಸುಮಾರು ಏಳು ವರ್ಷ ಹಿಡಿದಿತ್ತು. ಸೋಂಕು ಖಚಿತವಾದ ಮೇಲೆ ಅಷ್ಟು ಕಾಯುವ ವ್ಯವಧಾನ ಉಳಿಯಲಿಲ್ಲ. ಸಣ್ಣ ಕ್ಯಾಮೆರಾದ ಹಳೆಯ ಅಭ್ಯಾಸ ಆಗ ಆಸರೆಯಾಯಿತು. ‘ವಿಟ್ಗೆನ್‌ಸ್ಟೈನ್’ನಲ್ಲಿ ಸೆಟ್ಟೇ ಇಲ್ಲ. ಸ್ಟುಡಿಯೋದಲ್ಲಿ ಕಪ್ಪು ಪರದೆ ಕಟ್ಟಿ, ಬಣ್ಣಬಣ್ಣದ ಉಡುಪು ತೊಟ್ಟ ನಟರ ಮೇಲೆ ಬೆಳಕು ಬಿಟ್ಟು, ಒಬ್ಬ ತತ್ತ್ವಜ್ಞಾನಿಯ ಇಡೀ ಬದುಕನ್ನು ಅವರು ಹೇಳಿದರು.

ಡಯಾಲಿಸಿಸ್‌ಗಾಗಿ ನನ್ನ ಎಡಗೈಯಲ್ಲಿ ಫಿಸ್ಟುಲಾ, ಅಂದರೆ ಸೂಜಿ ಚುಚ್ಚಲು ರಕ್ತನಾಳಗಳ ಜೋಡಣೆ, ಮಾಡಿದ್ದಾರೆ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಪಟ್ಟಿ ಬಿಗಿಯುವಂತಿಲ್ಲ. ಹೆಗಲ ಕ್ಯಾಮೆರಾ, ಭಾರದ ಟ್ರೈಪಾಡ್ ಎರಡೂ ದೂರವಾದವು. ಒಂದೇ ಕೈಯಲ್ಲಿ ಹಿಡಿಯಬಹುದಾದ ಮೊಬೈಲ್, ಅಂಗೈ ಗಾತ್ರದ ರೆಕಾರ್ಡರ್, ಹಗುರವಾದ ಮಾನೋಪಾಡ್ ಉಳಿದಿವೆ. ಇವುಗಳಲ್ಲಿ ಮೊದಲೇ ಕೈ ಪಳಗಿದ್ದರಿಂದ ಕೆಲಸ ನಿಲ್ಲಲಿಲ್ಲ. ಸಿನಿಮಾ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಅದಕ್ಕೇ ಹೇಳುತ್ತೇನೆ: ದೊಡ್ಡ ಕ್ಯಾಮೆರಾ ಬಾಡಿಗೆಗೆ ತರುವ ಮೊದಲು, ಜೇಬಿನಲ್ಲಿರುವುದರಿಂದ ಒಂದು ಪೂರ್ತಿ ಚಿತ್ರ ಮಾಡಿ ಮುಗಿಸಿ.

3. ಒಳ್ಳೆಯ ದಿನಕ್ಕೊಂದು ಕೆಲಸ, ಕೆಟ್ಟ ದಿನಕ್ಕೊಂದು ಕೆಲಸ

ಜಾರ್ಮನ್ ಯಾವತ್ತೂ ಒಂದೇ ಕೆಲಸವನ್ನು ನೆಚ್ಚಿಕೊಂಡವರಲ್ಲ. ಚಿತ್ರೀಕರಣ ಆಗದ ದಿನ ದಿನಚರಿ, ಬರೆಯಲಾಗದಿದ್ದರೆ ಕ್ಯಾನ್ವಾಸ್, ಅದೂ ಬೇಡವೆಂದರೆ ತೋಟ. 1989ರಿಂದ ಬರೆದ ದಿನಚರಿ ‘ಮಾಡರ್ನ್ ನೇಚರ್’ ಪುಸ್ತಕವಾಯಿತು. ಆಸ್ಪತ್ರೆಯ ದಿನಗಳ ಬರಹದಲ್ಲಿ ಬಹಳಷ್ಟು ‘ಬ್ಲೂ’ ಚಿತ್ರದ ಮಾತಾಯಿತು. ಒಂದು ಕೆಲಸದ ಉಳಿಕೆ ಇನ್ನೊಂದಕ್ಕೆ ಬಂಡವಾಳವಾಗುತ್ತಾ ಹೋಯಿತು.

ಡಯಾಲಿಸಿಸ್ ಮುಗಿದ ಸಂಜೆ ರಕ್ತದೊತ್ತಡ ಇಳಿದು ತಲೆ ಭಾರವಾಗಿರುತ್ತದೆ. ಆ ಹೊತ್ತಿನಲ್ಲಿ ಯಾವ ಶಾಟ್ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಲು ನಾನು ಕೂರುವುದಿಲ್ಲ. ಫೈಲುಗಳಿಗೆ ಹೆಸರು ಹಾಕುವುದು, ಬ್ಯಾಕಪ್ ತೆಗೆಯುವುದು, ಸಬ್‌ಟೈಟಲ್ ತಿದ್ದುವುದು ಇವೆಲ್ಲ ಆ ಸಂಜೆಯ ಕೆಲಸ. ಮಾರನೆಯ ಬೆಳಿಗ್ಗೆ ತಲೆ ತಿಳಿಯಾಗಿರುತ್ತದೆ, ಕತ್ತರಿ ಹಾಕುವುದು ಆಗ. ಯಂತ್ರಕ್ಕೆ ಅಂಟಿಕೊಂಡು ಮಲಗಿರುವ ನಾಲ್ಕು ಗಂಟೆಯೂ ನನ್ನದೇ. ಒಂದು ಕೈ ಬಿಡುವಾಗಿರುತ್ತದೆ, ಕಿವಿಗೆ ಹೆಡ್‌ಫೋನ್ ಇರುತ್ತದೆ. ಚಿತ್ರೀಕರಿಸಿದ ಸಂದರ್ಶನಗಳನ್ನು ಕಣ್ಣು ಮುಚ್ಚಿ ಕೇಳುತ್ತೇನೆ. ಎಲ್ಲಿ ಮಾತು ನಿಜವಾಯಿತು, ಎಲ್ಲಿ ಕ್ಯಾಮೆರಾಕ್ಕಾಗಿ ಬಂತು ಎಂಬುದು ದೃಶ್ಯವಿಲ್ಲದಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹೊಳೆದದ್ದನ್ನು ಮೊಬೈಲಿಗೆ ಪಿಸುಮಾತಿನಲ್ಲಿ ಹೇಳಿಟ್ಟುಕೊಳ್ಳುತ್ತೇನೆ.

ಕಾಯಿಲೆಯಲ್ಲಿ ಮನಸ್ಸನ್ನು ಹೆಚ್ಚು ಕುಗ್ಗಿಸುವುದು ಏನೂ ಮಾಡದೆ ಕಳೆದ ದಿನದ ಕೊರಗು. ಕೆಟ್ಟ ದಿನಕ್ಕೆಂದೇ ಸಣ್ಣ ಕೆಲಸಗಳನ್ನು ಎತ್ತಿಟ್ಟುಕೊಂಡರೆ ಆ ಕೊರಗು ಬಹುಮಟ್ಟಿಗೆ ತಗ್ಗುತ್ತದೆ.

4. ನೀವು ಬರಲಾಗದ ದಿನ ಯಾರು ನಡೆಸುತ್ತಾರೆ ಎಂಬುದು ಮೊದಲೇ ಗೊತ್ತಿರಲಿ

‘ಎಡ್ವರ್ಡ್ ದಿ ಸೆಕೆಂಡ್’ ಚಿತ್ರೀಕರಣದಲ್ಲಿ ಜಾರ್ಮನ್ ಅವರಿಗೆ ಹುಷಾರಿಲ್ಲದ ದಿನ ನಿರ್ದೇಶನವನ್ನು ಕೆನ್ ಬಟ್ಲರ್ ನಡೆಸಿದರು. ಅದನ್ನು ಮುಚ್ಚಿಡಲಿಲ್ಲ, ಚಿತ್ರದ ಟೈಟಲ್ಲಿನಲ್ಲಿ ಸಹ ನಿರ್ದೇಶಕರೆಂದೇ ಹೆಸರು ಕೊಟ್ಟರು. ‘ಬ್ಲೂ’ನಲ್ಲಿ ತಮ್ಮದೇ ಬದುಕಿನ ಮಾತುಗಳನ್ನು ನಾಲ್ಕು ಜನರಿಗೆ ಹಂಚಿದರು. ಟಿಲ್ಡಾ ಸ್ವಿಂಟನ್ ಅವರ ಮೊದಲ ಚಿತ್ರ ‘ಕಾರವಾಜಿಯೋ’. ಅಲ್ಲಿಂದ ಕೊನೆಯವರೆಗೂ ಅವರು ಜಾರ್ಮನ್ ಬಳಗದಲ್ಲಿದ್ದರು. ಜಾರ್ಮನ್ ಏನು ಬಯಸುತ್ತಾರೆ ಎಂಬುದು ಆ ಬಳಗಕ್ಕೆ ಹೇಳದೆಯೂ ಅರ್ಥವಾಗುತ್ತಿತ್ತು. ಅಂಥ ತಿಳಿವಳಿಕೆ ಕಾಯಿಲೆ ಬಿದ್ದ ಮೇಲೆ ಹುಟ್ಟುವುದಿಲ್ಲ, ವರ್ಷಗಟ್ಟಲೆ ಒಟ್ಟಿಗೆ ದುಡಿದಾಗ ಬೆಳೆಯುತ್ತದೆ.

ನನ್ನ ಜೊತೆಗೆ ಕ್ಯಾಮೆರಾ ಮಾಡುವ ಹುಡುಗಿಗೆ ಪ್ರತಿ ದೃಶ್ಯಕ್ಕೂ ಮೂರು ವಾಕ್ಯ ಬರೆದುಕೊಡುತ್ತೇನೆ: ಯಾವುದು ಅಲುಗಾಡಬಾರದು, ಸದ್ದು ಎಲ್ಲಿಂದ ಬರಬೇಕು, ಎಷ್ಟು ಹೊತ್ತು ಕಾಯಬೇಕು. ಉಳಿದದ್ದು ಅವಳಿಗೆ ಬಿಟ್ಟದ್ದು. ಮೊದಮೊದಲು ಫೋನ್ ಮಾಡಿ, “ಸರ್, ಹಿಂಗ್ ಇಡ್ಲಾ, ಹಂಗ್ ಇಡ್ಲಾ?” ಎಂದು ಕೇಳುತ್ತಿದ್ದಳು. “ನಿಂಗೆ ಹೆಂಗ್ ಕಾಣುತ್ತೋ ಹಂಗಿಡಮ್ಮ, ಆಮೇಲೆ ನೋಡೋಣ” ಎನ್ನುತ್ತಿದ್ದೆ. ಈಗ ಅವಳು ತರುವ ಚೌಕಟ್ಟುಗಳಲ್ಲಿ ನನಗೆ ಹೊಳೆಯದ ನೋಟವಿರುತ್ತದೆ, ಚಿತ್ರ ಅದರಿಂದ ಹೆಚ್ಚು ಗಟ್ಟಿಯಾಗಿದೆ. ಅವಳ ಹೆಸರು ಟೈಟಲ್ಲಿನಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಬರುತ್ತದೆ.

5. ಸಂಕಟ ವಿವರದಲ್ಲಿ ಬರಲಿ

‘ಬ್ಲೂ’ನಲ್ಲಿ ಒಂದು ಪ್ರಸಂಗವಿದೆ. ಅಂಗಡಿಯ ಗಾಜಿನ ಹಿಂದೆ ಒಂದು ಜೊತೆ ಬೂಟು ಕಾಣುತ್ತದೆ. ಕೊಳ್ಳೋಣವೆಂದು ಒಳಗೆ ಹೊರಟ ಜಾರ್ಮನ್ ತಮ್ಮನ್ನು ತಾವೇ ತಡೆದುಕೊಳ್ಳುತ್ತಾರೆ. ಈ ಬದುಕಿನಿಂದ ನಡೆದು ಹೋಗಲು ಕಾಲಲ್ಲಿರುವ ಬೂಟೇ ಸಾಕಲ್ಲ ಎನ್ನಿಸುತ್ತದೆ. ಅಷ್ಟೇ. ಸಾವಿನ ಬಗ್ಗೆ ಉಪನ್ಯಾಸವಿಲ್ಲ. ಇನ್ನೊಂದು ಕಡೆ, ಕಣ್ಣಿಗಾಗಿ ಕೊಡುತ್ತಿದ್ದ ಔಷಧಿಯ ಅಡ್ಡಪರಿಣಾಮಗಳನ್ನು ಒಂದಾದ ಮೇಲೊಂದರಂತೆ ಓದಿಬಿಡುತ್ತಾರೆ. ಆ ಪಟ್ಟಿ ಉದ್ದವಾದಷ್ಟೂ ಕೇಳುವವರ ಎದೆ ಬಿಗಿಯುತ್ತದೆ. ಡ್ರಿಪ್ಪು, ಕಣ್ಣಿಗೆ ಬಿಡುವ ಹನಿ, ಕಾಯುವ ಕೋಣೆಯ ಬೆಂಚು, ಹೀಗೆ ಕಣ್ಣಳತೆಯಲ್ಲಿದ್ದ ವಸ್ತುಗಳಿಂದಲೇ ಅವರು ಮಾತು ಕಟ್ಟಿದರು. ನಡುನಡುವೆ ಸಿಟ್ಟಿದೆ, ನಗುವಿದೆ, ತೀರಿಹೋದ ಗೆಳೆಯರ ಹೆಸರುಗಳಿವೆ.

ಡಯಾಲಿಸಿಸ್ ಕುರಿತು ನಾನು ಮಾಡಿದ ಕಿರುಚಿತ್ರದಲ್ಲಿ ನೋವು ಎಂಬ ಪದ ಎಲ್ಲೂ ಇಲ್ಲ. ತೂಕದ ಯಂತ್ರದ ಮೇಲೆ ಹತ್ತುವ ಚಪ್ಪಲಿ ಬಿಟ್ಟ ಕಾಲು, ರೋಗಿಯ ಒಣ ತೂಕ (ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ) ಬರೆದ ಚೀಟಿ, ಯಂತ್ರದ ಅಲಾರಂ, ಸೂಜಿ ಚುಚ್ಚುವ ಮುನ್ನ ಸಿಸ್ಟರ್ ಕೇಳುವ “ತಿಂಡಿ ಆಯ್ತಾ ಅಣ್ಣ?”, ಕೊನೆಗೆ ತೋಳಿನಿಂದ ಪ್ಲಾಸ್ಟರ್ ಕೀಳುವ ಚರ್ರೆಂಬ ಸದ್ದು. ಆ ಸದ್ದಿನ ಕೆಳಗೆ ಮೊದಲು ಕೊಳಲು ಹಾಕಿ ನೋಡಿದೆವು. ತೆಗೆದ ಮೇಲೆ ದೃಶ್ಯಕ್ಕೆ ಬಲ ಬಂತು. ಕಾಯಿಲೆಯ ಚಿತ್ರಕ್ಕೆ ಕೂತವರು ಮೊದಲು ಹಿನ್ನೆಲೆ ಸಂಗೀತವನ್ನು ತೆಗೆದು ನೋಡಬೇಕು.

6. ಬೇರೆ ರೋಗಿಗಳ ಮುಖ ನಿಮ್ಮ ಸಾಮಗ್ರಿಯಲ್ಲ

ಎಚ್‌ಐವಿ ಎಂದರೆ ಜನ ಬೆಚ್ಚುತ್ತಿದ್ದ, ಪತ್ರಿಕೆಗಳು ಹಂಗಿಸುತ್ತಿದ್ದ ಕಾಲದಲ್ಲಿ ತಮಗೆ ಸೋಂಕಿದೆ ಎಂದು ಬಹಿರಂಗವಾಗಿ ಹೇಳಿದ ಬ್ರಿಟನ್ನಿನ ಮೊದಲ ಕೆಲವು ಖ್ಯಾತರಲ್ಲಿ ಜಾರ್ಮನ್ ಒಬ್ಬರು. ಸಲಿಂಗಿಯಾಗಿದ್ದ ಅವರು ಅದನ್ನೂ ಎಂದೂ ಬಚ್ಚಿಟ್ಟವರಲ್ಲ. ಆದರೆ ತಮ್ಮ ವಿಷಯ ಹೇಳಿಕೊಳ್ಳುವ ಹಕ್ಕು ಬೇರೆ, ಪಕ್ಕದ ಹಾಸಿಗೆಯವರ ವಿಷಯ ಹೇಳುವುದು ಬೇರೆ. ‘ಬ್ಲೂ’ನ ಆಸ್ಪತ್ರೆಯಲ್ಲಿ ಎಷ್ಟೋ ಜನ ಕೂತಿದ್ದಾರೆ, ಒಬ್ಬರ ಮುಖವೂ ಕಾಣುವುದಿಲ್ಲ. ನೀಲಿ ಪರದೆ ಎಲ್ಲರ ಮಾನವನ್ನೂ ಕಾಯುತ್ತದೆ.

ನಮ್ಮಲ್ಲಿ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಸೋಂಕಿತರ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಯಲು ಮಾಡುವುದನ್ನು ಅದು ನಿಷೇಧಿಸುತ್ತದೆ. ಕಾಯ್ದೆಯ ಭಯವಿಲ್ಲದ ಕಾಯಿಲೆಗಳಲ್ಲೂ ಇದೇ ನಿಯಮ ಇಟ್ಟುಕೊಳ್ಳಬೇಕೆಂಬುದು ನನ್ನ ನಿಲುವು. ವಾರ್ಡಿನಲ್ಲಿ ನಾನು ಧ್ವನಿಯನ್ನು ಮಾತ್ರ ಹಿಡಿದೆ, ಅದನ್ನೂ ಆಸ್ಪತ್ರೆಯ ಲಿಖಿತ ಅನುಮತಿ ಪಡೆದ ಮೇಲೆ. ಯಾರದಾದರೂ ಮಾತು ಸ್ಪಷ್ಟವಾಗಿ ಕೇಳಿಸುವಂತಿದ್ದರೆ ಅವರಿಗೇ ಹೆಡ್‌ಫೋನ್ ಕೊಟ್ಟು ಕೇಳಿಸಿ, ಇರಲಿ ಎಂದರೆ ಇಟ್ಟುಕೊಂಡೆ, ಬೇಡ ಎಂದರೆ ಅವರ ಎದುರಲ್ಲೇ ಅಳಿಸಿದೆ.

7. ಗಡುವಿಲ್ಲದ ಒಂದು ಕೆಲಸ ಇಟ್ಟುಕೊಳ್ಳಿ

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಡಂಜನೆಸ್ ಎಂಬ ಜಾಗವಿದೆ. ಮಣ್ಣು ಕಾಣದಷ್ಟು ಕಲ್ಲುಹರಳು, ಉಪ್ಪುಗಾಳಿ, ಹಿಂದುಗಡೆ ಅಣುವಿದ್ಯುತ್ ಸ್ಥಾವರ. 1987ರಲ್ಲಿ ಜಾರ್ಮನ್ ಅಲ್ಲಿ ಪ್ರಾಸ್ಪೆಕ್ಟ್ ಕಾಟೇಜ್ ಎಂಬ ಮರದ ಮನೆಯನ್ನು 32,000 ಪೌಂಡಿಗೆ ಕೊಂಡರು. ಗೋಡೆಗೆ ಕಪ್ಪು, ಕಿಟಕಿಗಳಿಗೆ ಹಳದಿ. ಸುತ್ತ ಬೇಲಿಯಿಲ್ಲ. ಆ ಹರಳಿನ ನಡುವೆ ಕಡಲತೀರದ ಸೀ ಕೇಲ್, ಗಸಗಸೆ ಹೂವು, ಲ್ಯಾವೆಂಡರ್ ಬೆಳೆಸಿದರು. ಕಡಲು ತಂದು ಎಸೆದ ಮರದ ತುಂಡು, ತುಕ್ಕು ಹಿಡಿದ ಕಬ್ಬಿಣ, ಉದ್ದನೆಯ ಕಲ್ಲುಗಳನ್ನು ನಿಲ್ಲಿಸಿ ವಿನ್ಯಾಸ ಮಾಡಿದರು. ತೋಟಕ್ಕೆ ನಿರ್ಮಾಪಕರಿಲ್ಲ, ಬಿಡುಗಡೆಯ ದಿನವಿಲ್ಲ. ಅಲ್ಲಿಂದಲೇ ‘ದಿ ಗಾರ್ಡನ್’ ಚಿತ್ರ ಹುಟ್ಟಿತು. ಹವರ್ಡ್ ಸೂಲಿ ತೆಗೆದ ಛಾಯಾಚಿತ್ರಗಳೊಂದಿಗೆ ತೋಟದ ಪುಸ್ತಕ 1995ರಲ್ಲಿ, ಅವರು ಹೋದ ಮೇಲೆ ಬಂತು. 2020ರಲ್ಲಿ ಆರ್ಟ್ ಫಂಡ್ ಸಂಸ್ಥೆ ಸಾರ್ವಜನಿಕ ಅಭಿಯಾನದ ಮೂಲಕ 35 ಲಕ್ಷ ಪೌಂಡ್ ಸಂಗ್ರಹಿಸಿ ಆ ಮನೆಯನ್ನೂ ತೋಟವನ್ನೂ ಉಳಿಸಿತು.

ಬೆಳಗಿನ ಹೊತ್ತು ನಮ್ಮ ಮನೆಯ ಕಿಟಕಿಯಲ್ಲಿ ರೆಕಾರ್ಡರ್ ಇಟ್ಟು ಬೀದಿಯ ಸದ್ದು ಹಿಡಿಯುವುದು ನನ್ನ ರೂಢಿ. ಸೊಪ್ಪಿನವಳ ಕೂಗು, ಕಸದ ಗಾಡಿಯ ಹಾಡು, ಮಳೆ ಬಂದರೆ ಶೀಟಿನ ಮೇಲೆ ಬೀಳುವ ಹನಿ. ಇದು ಯಾವ ಚಿತ್ರಕ್ಕೆ ಎಂದು ಗೊತ್ತಿಲ್ಲ. ಫಲದ ಲೆಕ್ಕವಿಲ್ಲದ ಇಂಥ ಒಂದು ಕೆಲಸ, ಲೆಕ್ಕವಿರುವ ಉಳಿದ ಕೆಲಸಗಳಿಗೆ ಉತ್ಸಾಹ ಕೊಡುತ್ತದೆ.

8. ನೀವು ಮುಗಿಸದ್ದನ್ನು ಇನ್ನೊಬ್ಬರು ಮುಗಿಸುವಂತಿರಲಿ

ಜಾರ್ಮನ್ ಅವರ ಹಳೆಯ ಸೂಪರ್ 8 ತುಣುಕುಗಳಿಂದ ಕಟ್ಟಿದ ‘ಗ್ಲಿಟರ್‌ಬಗ್’ 1994ರಲ್ಲಿ ಅವರ ನಿಧನದ ನಂತರ ತೆರೆಗೆ ಬಂತು. ಸಂಗೀತ ಬ್ರಯನ್ ಈನೋ ಅವರದು. ಈ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದವರು ಅಮೆರಿಕದ ಪ್ರಯೋಗಶೀಲ ನಿರ್ದೇಶಕಿ ಬಾರ್ಬರಾ ಹ್ಯಾಮರ್. 2006ರಲ್ಲಿ ಅಂಡಾಶಯದ ಕ್ಯಾನ್ಸರ್ ಪತ್ತೆಯಾದ ಮೇಲೂ ಅವರು ಚಿತ್ರ ಮಾಡುತ್ತಲೇ ಇದ್ದರು. 2019ರ ಮಾರ್ಚ್ 16ರಂದು ತೀರಿಕೊಳ್ಳುವ ಮುನ್ನ, ತಾವು ಮುಗಿಸದ ಚಿತ್ರಗಳ ಸಾಮಗ್ರಿಯನ್ನು ಬೇರೆ ನಿರ್ದೇಶಕರಿಗೆ ಒಪ್ಪಿಸಿ, ನಿಮಗೆ ತೋಚಿದಂತೆ ಮಾಡಿ ಎಂದರು. 1998ರಲ್ಲಿ ಕೇಪ್ ಕಾಡ್‌ನ ಮರಳುದಿಬ್ಬದ ಗುಡಿಸಲಿನಲ್ಲಿ ಹ್ಯಾಮರ್ ಚಿತ್ರಿಸಿದ್ದರಿಂದ ಲಿನ್ ಸ್ಯಾಕ್ಸ್ ‘ಎ ಮಂತ್ ಆಫ್ ಸಿಂಗಲ್ ಫ್ರೇಮ್ಸ್’ ಮಾಡಿದರು. ಒಬ್ಬರ ನೋಟ, ಇನ್ನೊಬ್ಬರ ಕೈ. ಎರಡೂ ಅದರಲ್ಲಿ ಉಳಿದಿವೆ.

ಇದಕ್ಕೆ ಬೇಕಾದದ್ದು ಶಿಸ್ತು. ಪ್ರತಿ ಫೋಲ್ಡರಿಗೆ ದಿನಾಂಕ, ಸ್ಥಳ, ಯಾರಿದ್ದಾರೆ, ಒಪ್ಪಿಗೆ ಇದೆಯೇ ಎಂಬ ವಿವರ ಬರೆಯಿರಿ. ಎರಡು ಹಾರ್ಡ್ ಡಿಸ್ಕ್ ಬೇರೆಬೇರೆ ಮನೆಯಲ್ಲಿರಲಿ. ಪಾಸ್‌ವರ್ಡ್ ಮನೆಯವರಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಯಾವುದನ್ನು ಯಾರಿಗೆ ಕೊಡಬಹುದು, ಯಾವುದನ್ನು ಯಾರಿಗೂ ತೋರಿಸಬಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಡಿ. ಈ ಕೆಲಸಕ್ಕೆ ಕಾಯಿಲೆ ಬರುವವರೆಗೆ ಕಾಯಬೇಕಿಲ್ಲ.

9. ಕಾಯಿಲೆಗೆ ಹಾರ ಹಾಕಬೇಡಿ

ಕಾಯಿಲೆ ಜಾರ್ಮನ್ ಅವರನ್ನು ಕಲಾವಿದನನ್ನಾಗಿ ಮಾಡಲಿಲ್ಲ. ಸ್ಲೇಡ್ ಕಲಾಶಾಲೆಯಲ್ಲಿ ಕಲಿತು, ಕೆನ್ ರಸೆಲ್ ಅವರ ‘ದಿ ಡೆವಿಲ್ಸ್’ಗೆ ಸೆಟ್ ವಿನ್ಯಾಸ ಮಾಡಿ, ‘ಸೆಬಾಸ್ಟಿಯಾನೆ’, ‘ಜುಬಿಲಿ’, ‘ದಿ ಟೆಂಪೆಸ್ಟ್’ ಚಿತ್ರಗಳನ್ನು ಕೊಟ್ಟು ಅವರು ಆಗಲೇ ಬೆಳೆದಿದ್ದರು. ಕಾಯಿಲೆ ಅವರಿಂದ ಕಣ್ಣನ್ನೂ ಗೆಳೆಯರನ್ನೂ ಕೊನೆಗೆ ಜೀವವನ್ನೂ ಕಿತ್ತುಕೊಂಡಿತು. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಸಂಯೋಜಿತ ಔಷಧಿಗಳು ಬಳಕೆಗೆ ಬಂದದ್ದು 1996ರಲ್ಲಿ, ಅವರು ಹೋದ ಎರಡು ವರ್ಷಕ್ಕೆ. ಭಾರತದಲ್ಲಿ ಈ ಔಷಧಿಗಳ ಸರ್ಕಾರಿ ಉಚಿತ ಚಿಕಿತ್ಸೆ (ಎಆರ್‌ಟಿ) ಆರಂಭವಾದದ್ದು 2004ರ ಏಪ್ರಿಲ್ 1ರಂದು. ಔಷಧಿ ಸ್ವಲ್ಪ ಮೊದಲೇ ಬಂದಿದ್ದರೆ ಅವರಿಂದ ಇನ್ನೆಷ್ಟು ಚಿತ್ರಗಳು ಬರುತ್ತಿದ್ದವೋ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಆದ್ದರಿಂದ ಕಾಯಿಲೆಯಲ್ಲಿರುವ ನನ್ನ ಸಹೋದ್ಯೋಗಿಗಳಿಗೆ ಮೊದಲ ಮಾತು: ಚಿಕಿತ್ಸೆ ತಪ್ಪಿಸಿ ಶೂಟಿಂಗ್‌ಗೆ ಹೋಗಬೇಡಿ. ಚಿತ್ರ ಒಂದು ವಾರ ತಡವಾದರೂ ನಡೆಯುತ್ತದೆ. ಆರೋಗ್ಯವಾಗಿರುವ ನಿರ್ಮಾಪಕರಿಗೂ ನಿರ್ದೇಶಕರಿಗೂ ಎರಡನೆಯ ಮಾತು: ಜೊತೆಗಾರರಿಗೆ ಕಾಯಿಲೆ ಎಂದು ತಿಳಿದ ಕೂಡಲೇ, ಪಾಪ, ರೆಸ್ಟ್ ಮಾಡಲಿ ಎಂದು ಹೆಸರು ತೆಗೆದುಹಾಕಬೇಡಿ. ಯಾವ ಹೊತ್ತು ಅನುಕೂಲ, ಎಷ್ಟು ಹೊತ್ತು ಆಗುತ್ತದೆ ಎಂದು ಅವರನ್ನೇ ಕೇಳಿ, ಕೆಲಸ ಕೊಡಿ, ಸಂಭಾವನೆಯನ್ನು ಸಮಯಕ್ಕೆ ಕೊಡಿ. ಔಷಧಿಯ ಬಿಲ್ಲು ಯಾರಿಗೂ ಕಾಯುವುದಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ‘ಬ್ಲೂ’ ನೋಡಿ. ಕೋಣೆಯ ದೀಪ ಆರಿಸಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, 79 ನಿಮಿಷವನ್ನೂ ಒಂದೇ ಪಟ್ಟಿಗೆ ಕೂತು ನೋಡಿ. ಆಮೇಲೆ, ಶಕ್ತಿಯಿಲ್ಲ, ಹಣವಿಲ್ಲ, ಸಮಯವಿಲ್ಲ ಎಂದು ನೀವು ಮುಂದೂಡುತ್ತಾ ಬಂದ ಕೆಲಸವನ್ನು ನೆನಪಿಸಿಕೊಂಡು, ಇರುವಷ್ಟು ಶಕ್ತಿಯಲ್ಲಿ ಅದು ಯಾವ ರೂಪದಲ್ಲಿ ಆದೀತು ಎಂದು ಅರ್ಧ ಪುಟ ಬರೆದು, ನಾಳೆ ಬೆಳಿಗ್ಗೆಯೇ ಶುರು ಮಾಡಿ.